ಗೋಲ್ಕೊಂಡದ ಮೂರು ಚಪ್ಪಾಳೆ

ಹೈದರಾಬಾದ್ ಶಹರವನ್ನು ಒಂದೇ ದಿನದಲ್ಲಿ ಎರಡು ಸಲ ನೋಡಿದ ಭಾಗ್ಯ ನನ್ನದು. ಮೊದಲನೆಯ ಸಲ ಎಲ್ಲರಂತೆ ತಲೆಯೆತ್ತಿ ನೋಡಿದೆ. ಎರಡನೆಯ ಸಲ ನೆಲವನ್ನು ಮಾತ್ರ ನೋಡಿದೆ. ಚಾರ್‌ಮಿನಾರಿನ ಕಮಾನುಗಳ ಸೊಬಗನ್ನು ಕುರಿತು ನನ್ನನ್ನು ಕೇಳಿದರೆ ಹೇಳಲು ಹೆಚ್ಚೇನೂ ಇಲ್ಲ. ಅದರ ನೆಲಗಲ್ಲುಗಳ ಸಂದಿಯಲ್ಲಿ ಏನೇನು ಸಿಗುತ್ತದೆ ಎಂದು ಕೇಳಿದರೆ ಮಾತ್ರ ಅಧಿಕಾರವಾಣಿಯಿಂದ ಹೇಳಬಲ್ಲೆ: ಬೀಡಿ ತುಂಡು, ಕಡಲೆ ಸಿಪ್ಪೆ, ಪಾರಿವಾಳದ ಗರಿ ಮತ್ತು ಒಂದು ಮಗುವಿನ ಹಲ್ಲು.

ನಾನಾಗ ಶಹಾಬಾದಿನಲ್ಲಿ ಒಬ್ಬ ಸಾಹುಕಾರರ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಗೆ ಲೆಕ್ಕ ಬರೆಯುವ ಮುನ್ಶಿಯಾಗಿದ್ದೆ. ನಿಜಾಮರ ಆಡಳಿತ ಹೋಗಿ ನಾಲ್ಕನೆಯ ಬೇಸಿಗೆ. ನಮ್ಮ ಕಲ್ಲು ಹೈದರಾಬಾದಿಗೆ ಹೋಗುತ್ತಿತ್ತು, ಕಲ್ಲಿನ ಹಿಂದೆ ನಾನೂ ಹೋಗುತ್ತಿದ್ದೆ. ನನಗೆ ಆ ಶಹರದ ಪರಿಚಯವೆಂದರೆ ನಾಂಪಲ್ಲಿ ಸ್ಟೇಷನ್ನಿನಿಂದ ಗೋದಾಮಿನವರೆಗಿನ ರಸ್ತೆ. ಇಷ್ಟು ಪಾಂಡಿತ್ಯದ ಆಧಾರದ ಮೇಲೆ, ಸಾಹುಕಾರರ ತಾಯಿಗೆ ಶಹರ ತೋರಿಸಿಕೊಂಡು ಬರುವ ಕೆಲಸ ನನ್ನ ಹೆಗಲಿಗೆ ಬಿತ್ತು.

ಮುದುಕಿಯನ್ನು ಊರಿಗೆ ಊರೇ ಅವ್ವಾರು ಎನ್ನುತ್ತಿತ್ತು. ಖಣಿಯ ಕೂಲಿಗಳು ಸಾಹುಕಾರರಿಗಿಂತ ಅವರಿಗೆ ಹೆಚ್ಚು ಹೆದರುತ್ತಿದ್ದರು. ಅವರ ಆಸೆ ಸರಳವಾಗಿತ್ತು.

"ಅರಸರು ಇದ್ದಾಗ ಅವರ ಮನಿ ನೋಡ್ಲಾಕ ಅಂಜಿಕಿ ಇತ್ತು. ಈಗ ಹೋಗ್ಯಾರಲ್ಲ, ನೋಡಿ ಬರ್ತೀನಿ" ಎಂದರು.

ಹೊರಡುವ ಮುನ್ನ ಸಾಹುಕಾರರು ಎರಡು ಅಪ್ಪಣೆ ಮಾಡಿದರು. ಮೊದಲನೆಯದು ತಾಯಿಗೆ. ಅವ್ವಾರು ಕೊರಳಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕಟ್ಟಿಕೊಂಡಿದ್ದರು. ಶಹರದಲ್ಲಿ ಬೆಳ್ಳಿ ಕಂಡರೆ ಕಳ್ಳರು ಕೊರಳಿಗೇ ಕೈ ಹಾಕುತ್ತಾರೆ, ಕರಡಿಗೆ ಮನೆಯಲ್ಲಿರಲಿ, ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಬೇಕು ಎಂದರು. ಎರಡನೆಯದು ನನಗೆ.

"ಮುನ್ಶಿ, ಅವ್ವನ್ನ ಹೆಂಗ ಒಯ್ದಿರ್ತಿ, ಹಂಗೇ ತರಬೇಕು ನೋಡು."

ಕಲ್ಲಿನ ಲೋಡು ಕಳಿಸುವಾಗಲೂ ಅವರು ಇದೇ ಮಾತು ಹೇಳುತ್ತಿದ್ದರು. ಕಲ್ಲು ಒಡೆದರೆ ಬೇರೆ ಕಲ್ಲು ಕಳಿಸುತ್ತಿದ್ದೆವು. ಈ ವ್ಯತ್ಯಾಸ ನನಗೆ ಆಗ ಹೊಳೆಯಲಿಲ್ಲ.

ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ, ಸೇಡಂ ದಾಟಿ, ಬೆಳಿಗ್ಗೆ ನಾಂಪಲ್ಲಿಯಲ್ಲಿ ಇಳಿದೆವು. ಸ್ಟೇಷನ್ನಿನ ನಲ್ಲಿಯಲ್ಲಿ ಸ್ನಾನ ಮುಗಿಸಿ ಅವ್ವಾರು ಮುಸಾಫಿರಖಾನೆಯ ಮೂಲೆಯಲ್ಲಿ ಲಿಂಗಪೂಜೆಗೆ ಕುಳಿತರು. ಎಡಗೈಯ ಅಂಗೈ ಮೇಲೆ ಲಿಂಗ, ಬಲಗೈಯಲ್ಲಿ ವಿಭೂತಿ. ನಾನು ಅವರಿಗೆ ಬೆನ್ನು ಮಾಡಿ, ಗೋಡೆಯಂತೆ ನಿಂತೆ. ನಮ್ಮದು ಕಾಗಿಣಾ ದಂಡೆಯ ಅಂಬಿಗರ ಮನೆತನ, ಹೊಳೆಯೇ ಕಸುಬು. ನಮ್ಮಲ್ಲಿ ಲಿಂಗ ಕಟ್ಟುವುದಿಲ್ಲ. ಅವರ ಲಿಂಗವನ್ನು ನಾವು ಮುಟ್ಟುವುದಂತೂ ದೂರ, ಪೂಜೆಯ ಹೊತ್ತಿನಲ್ಲಿ ಅತ್ತ ನೋಡುವುದೂ ಇಲ್ಲ.

ಹೊರಗೆ ಸಿಕ್ಕ ಟಾಂಗಾದವನು ನಮ್ಮ ಮಾತು ಕೇಳಿ ಕನ್ನಡದಲ್ಲೇ ಉತ್ತರ ಕೊಟ್ಟ. ಚಿಂಚೋಳಿ ಕಡೆಯ ಮುಸಲ್ಮಾನ, ಶಹರಕ್ಕೆ ಬಂದು ನಾಲ್ಕು ವರ್ಷವಾಗಿತ್ತಂತೆ. ಯಾಕೆ ಬಂದೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿಜಾಮರು ಹೋದಾಗಿನ ಗಲಭೆಯ ನಂತರ, ಆ ವರ್ಷಗಳಲ್ಲಿ, ನಮ್ಮ ಕಡೆ ಅದೂ ಒಂದು ಬಗೆಯ ಮರ್ಯಾದೆಯಾಗಿತ್ತು. ಅವ್ವಾರು ಮಾತ್ರ ಗಾಡಿ ಹತ್ತುವಾಗ, "ನಿಮ್ಮ ಊರಾಗ ಮನಿ ಅದನೋ, ಹೋಯ್ತೋ ತಮ್ಮಾ?" ಎಂದರು. "ಬರೇ ಗ್ವಾಡಿ ಅವ ಯವ್ವಾ" ಎಂದು ಅವನು ಕುದುರೆಯ ಕಡೆ ತಿರುಗಿದ.

ಬಿಸಿಲೇರುವ ಮುನ್ನ ಗೋಲ್ಕೊಂಡ ಎಂದು ಲೆಕ್ಕ ಹಾಕಿದ್ದೆ. ಕೋಟೆಯ ಬಾಗಿಲ ಬಳಿ ಗುಮ್ಮಟವೊಂದರ ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ, ಬೆಟ್ಟದ ತುದಿಯಲ್ಲಿರುವವರಿಗೆ ಅದು ಕೇಳುತ್ತದೆ. ಟಾಂಗಾದವನು ಕೆಳಗೆ ಉಳಿದ, ನಾವು ಹತ್ತಿದೆವು. ಅವ್ವಾರು ಖಣಿ ಊರಿನ ಹೆಂಗಸು. ನನಗಿಂತ ಮುಂಚೆ ತುದಿ ಮುಟ್ಟಿ, ನನ್ನ ಏದುಸಿರನ್ನು ಕರುಣೆಯಿಂದ ನೋಡಿದರು. ಕೆಳಗಿನಿಂದ ಚಪ್ಪಾಳೆ ಬಂತು. ಅವ್ವಾರು ತುದಿಯ ಮೋಟುಗೋಡೆಯ ಮೇಲೆ ಎದೆಯೂರಿ ಬಗ್ಗಿ, ಕಿವಿಗೊಟ್ಟು, ಸಣ್ಣ ಹುಡುಗಿಯಂತೆ ನಕ್ಕರು.

"ಕೇಳ್ತದಲ್ಲೋ ಮುನ್ಶಿ! ಇನ್ನೊಮ್ಮಿ ಬಡಿ ಅನ್ನು ಅವಗ!"

ಅನ್ನುವುದು ಹೇಗೆ? ಶಬ್ದ ಕೆಳಗಿನಿಂದ ಮೇಲಕ್ಕೆ ಬರುವ ಏರ್ಪಾಟು ಅದು. ಅರಸರಿಗೆ ಕೆಳಗಿನವರ ಸುದ್ದಿ ಬೇಕಾಗಿತ್ತು, ಕೆಳಗಿನವರಿಗೆ ಅರಸರ ಸುದ್ದಿ ಯಾಕೆ ಬೇಕು?

ಮಧ್ಯಾಹ್ನ ಚಾರ್‌ಮಿನಾರ್. ಒಳಗಿನ ಸುತ್ತು ಮೆಟ್ಟಿಲನ್ನು ಹತ್ತಿ ಇಳಿದು, ಅವ್ವಾರು ಕಮಾನಿನ ನೆರಳಿನಲ್ಲಿ ಕುಳಿತರು. ಮನೆಯಿಂದ ತಂದ ಸಜ್ಜೆ ರೊಟ್ಟಿಯ ಗಂಟು ಬಿಚ್ಚಿದರು. ಊಟದ ನಂತರ ಹೊಸದಾಗಿ ತೆರೆದ ವಸ್ತುಸಂಗ್ರಹಾಲಯಕ್ಕೆ ಹೋಗುವುದಿತ್ತು. ಅಲ್ಲಿ ಗಂಟೆಗೊಮ್ಮೆ ಗೊಂಬೆ ಹೊರಗೆ ಬಂದು ಗಂಟೆ ಬಾರಿಸುವ ಗಡಿಯಾರವಿದೆ ಎಂದು ನಾನು ವರ್ಣಿಸುತ್ತಿದ್ದೆ. ಬೆಳಗಿನ ಪೂಜೆಯ ನಂತರ ಮೊದಲ ಸಲ ಅವ್ವಾರು ತಾಮ್ರದ ತಂಬಿಗೆ ಎತ್ತಿದರು. ನೀರು ಕುಡಿಯುವ ಮುನ್ನ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಳ್ಳುವುದು ಅವರ ರೂಢಿ. ಕೈ ಎದೆಗೆ ಹೋಯಿತು. ಅಲ್ಲೇ ನಿಂತಿತು.

ತಂಬಿಗೆಯನ್ನು ಅವರು ಸದ್ದಾಗದಂತೆ ಕೆಳಗಿಟ್ಟರು. ಬಟ್ಟೆ ಹೊರಗೆಳೆದು ತೋರಿಸಿದರು. ಬೆವರಿಗೆ ತೊಯ್ದು ಗಂಟು ಸಡಿಲಾಗಿತ್ತು, ಒಂದು ಮಗ್ಗುಲು ತಿಕ್ಕಿ ಹರಿದಿತ್ತು. ಒಳಗೆ ಏನೂ ಇರಲಿಲ್ಲ.

"ಮುನ್ಶಿ" ಎಂದರು. "ನೀರು ಆ ಕಡಿ ಇಡು."

ಇದರ ಅರ್ಥ ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರಂಥ ಕಟ್ಟುನಿಟ್ಟಿನವರು ಲಿಂಗ ಕಳೆದರೆ ಅದು ಸಿಗುವವರೆಗೆ ನೀರು ಮುಟ್ಟುವುದಿಲ್ಲ. ಸಿಗದಿದ್ದರೆ, ಇಲ್ಲ. ನಾನು ಹುಟ್ಟುವ ಮೊದಲು ಅವ್ವಾರ ಅತ್ತೆಯ ಲಿಂಗ ಕಾಗಿಣಾ ಹೊಳೆಯಲ್ಲಿ ಸ್ನಾನಕ್ಕಿಳಿದಾಗ ಜಾರಿತ್ತು. ಆಕೆ ದಂಡೆಯ ಬಂಡೆಯ ಮೇಲೆ ಕುಳಿತುಬಿಟ್ಟಳು. ಮುಳುಗು ಹಾಕಿ ಹುಡುಕಲು ಕರೆಸಿದ್ದು ನಮ್ಮಪ್ಪನನ್ನು. ಅಪ್ಪ ಮುಳುಗಿ ಮುಳುಗಿ, ಕೊನೆಗೆ ಅದನ್ನು ಮುಷ್ಟಿಯಲ್ಲಿ ಹಿಡಿದು ಮೇಲೆದ್ದ. ದಂಡೆಯ ಮೇಲೆ ಯಾರೂ ಕೈ ಚಾಚಲಿಲ್ಲ. ಅಂಬಿಗರ ಕೈ ಮುಟ್ಟಿದ ಲಿಂಗವನ್ನು ಮರಳಿ ಕಟ್ಟಬಹುದೋ ಇಲ್ಲವೋ ಎಂದು ಹಿರಿಯರು ಚರ್ಚೆಗೆ ಕುಳಿತರು. ಬಹಳ ಘನವಾದ ಚರ್ಚೆ ಎಂದು ಕೇಳಿದ್ದೇನೆ. ಅದು ಮುಗಿಯುವ ಮುನ್ನ ಆಕೆ ಕುಳಿತಲ್ಲೇ ಹೋಗಿದ್ದಳು. ಅವ್ವಾರು ಆಗ ಆ ಮನೆಯ ಹೊಸ ಸೊಸೆ.

ಅಂತೂ ಹುಡುಕಾಟ ಶುರುವಾಯಿತು. ಖಣಿಯಲ್ಲಿ ಚೂರುಗಲ್ಲಿನ ರಾಶಿಯಲ್ಲಿ ಉಳಿಯ ಮೊನೆ ಕಳೆದರೆ ನಾವು ಹುಡುಕುವ ಕ್ರಮವೊಂದಿದೆ. ಕಣ್ಣು ಹೋದಲ್ಲೆಲ್ಲ ಹೋಗಬಾರದು. ದೂರದ ಮೂಲೆಯಿಂದ ಒಂದೊಂದೇ ಹಾಸು, ಎಂದರೆ ಕಲ್ಲಿನ ಚಪ್ಪಡಿ, ಹಿಡಿದು, ಮೊದಲು ಮೇಲ್ಮೈ, ಆಮೇಲೆ ಸಂದಿ, ಆಮೇಲೆ ಮುಂದಿನ ಹಾಸು. ಮುಗಿಸಿದ ಹಾಸಿನ ಮೇಲೆ ಸುಣ್ಣದ ಗೀಟು. ಸುಣ್ಣ ಇರಲಿಲ್ಲ, ಅವ್ವಾರು ವಿಭೂತಿ ಗಟ್ಟಿ ಕೊಟ್ಟರು. ಹೀಗೆ ನಾನು ಚಾರ್‌ಮಿನಾರಿನ ಕೆಳಗೆ ಮೊಣಕಾಲೂರಿ, ಕಲ್ಲಿಗೊಂದು ವಿಭೂತಿಯ ಗೀಟೆಳೆಯುತ್ತ ಮುಂದುವರಿದೆ. ಸುತ್ತ ಜನ ಸೇರಿತು. ಒಬ್ಬ ನನ್ನ ಮುಂದೆ ಕಾಸು ಹಾಕಿದ.

ಆಮೇಲೆ ಬೂಟುಗಳು ಕಂಡವು. ಅವುಗಳ ಮೇಲೆ ಬಂದೂಕಿನ ಪೊಲೀಸ. ಏನು ಹುಡುಕುತ್ತೀ ಎಂದು ಉರ್ದುವಿನಲ್ಲಿ ಕೇಳಿದ.

ಕಲ್ಲು, ಎಂದೆ.

ಅವನು ಒಮ್ಮೆ ತಲೆಯೆತ್ತಿ ನಾಲ್ಕೂ ಮಿನಾರುಗಳನ್ನು ನೋಡಿದ. ಮತ್ತೆ ನನ್ನನ್ನು ನೋಡಿದ. ಆ ವರ್ಷಗಳಲ್ಲಿ ಪೊಲೀಸರ ಜೊತೆ ವಿನೋದ ಮಾಡುವವರು ಕಡಿಮೆ, ನಾನು ಮಾಡುತ್ತಿದ್ದೇನೆ ಎಂದೇ ಅವನಿಗೆ ಅನ್ನಿಸಿತು. ನೆಲದ ಮೇಲೆ ಗುರುತು ಯಾಕೆ ಹಾಕುತ್ತಿದ್ದೀ, ಯಾರು ಕಳಿಸಿದರು, ಏನು ಹೂಳುವುದಿದೆ ಎಂದು ಬಂದೂಕಿನ ಹಿಂಭಾಗದಿಂದ ನನ್ನ ಭುಜ ತಟ್ಟಿದ. ನನಗೆ ಉರ್ದು ಮರೆತುಹೋಯಿತು. ಆಗ ಟಾಂಗಾದವನು ಜನರನ್ನು ಸರಿಸಿ ಬಂದು, ಮುದುಕಿಯ ದೇವರು ಬಿದ್ದುಹೋಗಿದೆ, ಸಿಗುವವರೆಗೆ ಆಕೆ ನೀರು ಕುಡಿಯುವುದಿಲ್ಲ ಎಂದ. ಪೊಲೀಸ ಅವ್ವಾರನ್ನು ನೋಡಿದ. ಬಂದೂಕನ್ನು ಹೆಗಲಿಗೇರಿಸಿ, ತಾನೂ ಒಂದು ಕ್ಷಣ ನೆಲದ ಮೇಲೆ ಕಣ್ಣಾಡಿಸಿ, ಬೇಗ ಮುಗಿಸು ಎಂದು ಹೋದ.

ಮುಗಿಸಿದೆ. ಸುತ್ತು ಮೆಟ್ಟಿಲನ್ನೂ ಮುಗಿಸಿದೆ. ಟಾಂಗಾದ ಮೆತ್ತೆ, ಕುದುರೆಯ ಹುಲ್ಲಿನ ಚೀಲವನ್ನೂ ಬಿಡಲಿಲ್ಲ. ಬಿಸಿಲು ಸುಡುತ್ತಿತ್ತು. ಅವ್ವಾರ ತುಟಿ ಬಿಳಿಚಿ, ಮಾತು ಗಂಟಲಿನಲ್ಲೇ ಅಂಟುತ್ತಿತ್ತು. ದೂರ ಸರಿಸಿಟ್ಟ ತುಂಬಿದ ತಂಬಿಗೆ ಅವರ ಕಣ್ಣೆದುರೇ ಇತ್ತು. ಅದನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಟಾಂಗಾದವನು ನನ್ನನ್ನು ಬದಿಗೆ ಕರೆದ. "ಮುನ್ಶೀಜಿ, ಬಜಾರದಾಗ ಹಂಥಾವು ಸಿಗ್ತಾವ. ಒಂದು ತಗೊಂಡು ಸಿಕ್ತು ಅನ್ರಿ. ಜೀವ ಉಳೀತದ."

ನಾನು ಆ ಯೋಚನೆಯನ್ನು ತಳ್ಳಿಹಾಕಿದೆ ಎಂದರೆ ಸುಳ್ಳಾದೀತು. ಯಾವ ಅಂಗಡಿ ಎಂದು ಕೇಳಲು ಬಾಯಿ ತೆರೆದೆ. ಅವ್ವಾರ ತುಟಿ ಒಣಗಿತ್ತು, ಕಿವಿ ಒಣಗಿರಲಿಲ್ಲ.

"ಗಂಡ ಕಳದರ ಬಜಾರಕ್ಕ ಹೋಗಿ ಇನ್ನೊಬ್ಬನ್ನ ತರ್ತಾರೇನೋ ತಮ್ಮಾ?" ಎಂದರು.

ಅವ್ವಾರು ನನ್ನ ಕಡೆ ತಿರುಗಿದರು.

"ಗಲಾಟಿ ಕಾಲದಾಗ ಊರು ಬಿಟ್ಟು ಓಡಿದ್ವಿ. ಬಂಗಾರ ಹೋಯ್ತು, ದನ ಹೋದ್ವು. ಇದು ಹೋಗಲಿಲ್ಲ. ಈಗ ಆರಾಮಾಗಿ ಶಹರ ನೋಡ್ಲಾಕ ಬಂದು ಕಳಕೊಂಡೀನಿ ನೋಡು, ಚೈನಿ ಮಾಡ್ಲಾಕ ಬಂದು."

ಆಗ ನನಗೆ ನನ್ನ ಕ್ರಮದಲ್ಲೇ ತಪ್ಪಿದೆ ಅನ್ನಿಸಿತು. ಉಳಿಯ ಮೊನೆ ಎಲ್ಲಿ ಬೇಕಾದರೂ ಬೀಳಬಹುದು. ಕೊರಳಲ್ಲಿ ಕಟ್ಟಿದ್ದು, ಕೊರಳು ಬಗ್ಗಿದಲ್ಲಿ ಮಾತ್ರ ಬೀಳುತ್ತದೆ.

"ಅವ್ವಾರ, ಮುಂಜಾನಿಯಿಂದ ಎಲ್ಲೆಲ್ಲಿ ಬಗ್ಗೀರಿ, ನೆನಸ್ಕೋರಿ."

"ನಾ ಯಾಕ ಬಗ್ಗಲಿ? ಅರಸರ ಮನಿ ಮುಂದ ಬಗ್ಗಾಕ ನಾ ಏನು ಅವರ ಉಪ್ಪು ಉಂಡೀನೇನು?" ಎಂದವರು, ಕೊರಳ ಹರಿದ ಬಟ್ಟೆ ಮುಟ್ಟಿ, "ಚಪ್ಪಾಳಿ ಕೇಳ್ಲಾಕ ಬಗ್ಗಿದ್ದೆ" ಎಂದರು.

ಗೊಂಬೆ ಗಡಿಯಾರಕ್ಕೆ ಮನಸ್ಸಿನಲ್ಲೇ ನಮಸ್ಕಾರ ಹೇಳಿ ಟಾಂಗಾ ತಿರುಗಿಸಿದೆವು. ಕೋಟೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಸೂರ್ಯ ಮುಳುಗಿದರೆ ಬಾಗಿಲು ಹಾಕುತ್ತೇನೆ ಎಂದು ಕಾವಲುಗಾರ ಬೀಗವನ್ನು ತೋರಿಸಿಯೇ ಒಳಗೆ ಬಿಟ್ಟ. ಅವ್ವಾರಿಗೆ ಹತ್ತುವ ತ್ರಾಣವಿರಲಿಲ್ಲ. ಬಾಗಿಲ ಬಳಿ ಗೋಡೆಗೊರಗಿ ಕುಳಿತರು. ಅವರನ್ನು ಬಿಟ್ಟು ಹೋಗಲು ನನಗೆ ಧೈರ್ಯವಿರಲಿಲ್ಲ, ಹೋಗದೆ ಉಪಾಯವಿರಲಿಲ್ಲ. ಆಗ ನಾನೇ, ನನ್ನ ಜಾಣತನದಿಂದಲೇ, ಒಂದು ಏರ್ಪಾಟು ಮಾಡಿದೆ. ಅವ್ವಾರಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಟಾಂಗಾದವನು ಗುಮ್ಮಟದ ಕೆಳಗೆ ಮೂರು ಚಪ್ಪಾಳೆ ತಟ್ಟಬೇಕು.

ಗೋಲ್ಕೊಂಡಕ್ಕೆ ಬರುವ ಪ್ರತಿಯೊಬ್ಬನೂ ಅದೇ ಗುಮ್ಮಟದ ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಾನೆ ಎಂಬ ಸಂಗತಿ ನನಗೆ ನೆನಪಾದದ್ದು ಅರ್ಧ ಬೆಟ್ಟ ಹತ್ತಿದ ಮೇಲೆ.

ಸಂಜೆಯ ತಂಪಿಗೆ ಬಂದ ಯಾವುದೋ ಸಂಸಾರ ಕೆಳಗಿತ್ತು. ಒಂದು ಚಪ್ಪಾಳೆ. ನಾನು ಮೆಟ್ಟಿಲ ಮೇಲೆ ಕಲ್ಲಾದೆ. ಮುಂದಿನದು ಬರಲಿಲ್ಲ. ನಾಲ್ಕು ಹೆಜ್ಜೆ ಹತ್ತಿದೆ. ಒಂದು, ಎರಡು. ಎರಡರ ನಂತರ ಮೂರನೆಯದಕ್ಕೆ ಕಾಯುವ ಆ ಒಂದು ಗಳಿಗೆಯಲ್ಲಿ ನಾನು ಶಹಾಬಾದಿಗೆ ಹೆಣ ಒಯ್ದು, ಸಾಹುಕಾರರ ಮುಂದೆ ನಿಂತು, ಮರಳಿ ಬಂದಿರುತ್ತಿದ್ದೆ. ಹೀಗೆ ಆ ಸಂಸಾರದವರು ಒಬ್ಬೊಬ್ಬರಾಗಿ ತಮ್ಮ ಪಾಳಿ ಮುಗಿಸುವವರೆಗೆ ಅವ್ವಾರು ನನ್ನ ಪಾಲಿಗೆ ಸಾಯುತ್ತ ಬದುಕುತ್ತ ಇದ್ದರು.

ತುದಿಯ ಮೋಟುಗೋಡೆ ಸಿಕ್ಕಿತು. ಅವ್ವಾರು ಎದೆಯೂರಿದ್ದ ಜಾಗದಲ್ಲಿ ಗಾರೆ ಉದುರಿ ಕಲ್ಲಿನ ಮೊನೆ ಎದ್ದಿತ್ತು. ಅದಕ್ಕೆ ಬಿಳಿ ಬಟ್ಟೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಗೋಡೆಯಾಚೆ ನೋಡಿದೆ. ತಕ್ಷಣ ಈಚೆ ನೋಡಿದೆ. ಹುಟ್ಟಿದಂದಿನಿಂದ ನಾನು ಹೊಳೆಯಲ್ಲಿ, ಇಲ್ಲವೇ ಖಣಿಯ ತಳದಲ್ಲಿ ಇದ್ದವನು. ಎತ್ತರವೆಂದರೆ ನನಗೆ ಆಗದು. ಗೋಡೆಯ ಬುಡಕ್ಕೂ ಹೆಬ್ಬಂಡೆಗೂ ನಡುವೆ ಒಂದು ಬಿರುಕು, ಅದರಾಚೆ ಇಳಿಜಾರು, ಆಮೇಲೆ ಬರಿ ಗಾಳಿ.

ಹೊಟ್ಟೆಯ ಮೇಲೆ ಮಲಗಿ ಕತ್ತು ಚಾಚಿದೆ. ಬಿರುಕಿನೊಳಗೆ, ಧೂಳಿನ ಮೇಲೆ, ನುಣ್ಣಗೆ, ಕಪ್ಪಗೆ, ಅದು ಇತ್ತು.

ಕೂಗಬೇಕು ಅನ್ನಿಸಿತು. ಆದರೆ ಮೇಲಿನ ಕೂಗು ಕೆಳಗೆ ಕೇಳುವುದಿಲ್ಲ. ಅದಲ್ಲದೆ ಈಗ ನಿಜವಾದ ತೊಡಕು ಶುರುವಾಗಿತ್ತು. ಎತ್ತುವವರು ಯಾರು? ಅವ್ವಾರು ಬರಲಾರರು. ಲಿಂಗ ಕಟ್ಟಿದ ಒಬ್ಬರನ್ನು ಹುಡುಕಿ ತರಲು ಬೆಳಕಿಲ್ಲ. ತಲೆಗೆ ಕಟ್ಟಿದ್ದ ನನ್ನ ಕೆಂಪು ರುಮಾಲನ್ನು ಬಿಚ್ಚಿ ಕೈಗೆ ಸುತ್ತಿ ಬಲಗೈ ತೂರಿಸಿದೆ. ಬಂಡೆಯ ಉಬ್ಬು ಅಡ್ಡ ಬಂತು, ತೋಳು ಹೋಗಲಿಲ್ಲ. ಮಗ್ಗುಲು ಬದಲಿಸಿ ಎಡಗೈ ಚಾಚಿದೆ. ಬಟ್ಟೆ ಸುತ್ತಿದ ಬೆರಳು ತಗುಲಿ, ಲಿಂಗ ಹಿಡಿತಕ್ಕೆ ಸಿಗದೆ ಜಾರಿ, ಇಳಿಜಾರಿನ ಕಡೆ ಒಂದು ಉರುಳು ಉರುಳಿ ನಿಂತಿತು. ಇನ್ನೊಂದು ಉರುಳಿಗೆ ಗಾಳಿ.

ನಾನು ಕೈ ಹಿಂದಕ್ಕೆಳೆದುಕೊಂಡೆ. ಬಟ್ಟೆ ಬಿಚ್ಚಿದರೆ ಬರಿಗೈ. ಬರಿಗೈ ಎಂದರೆ ನಮ್ಮಪ್ಪನ ಕೈ. ಅಪ್ಪ ಆಮೇಲೆ ಬದುಕಿದಷ್ಟು ಕಾಲ ಆ ಮುಷ್ಟಿಯನ್ನು ಯಾರ ಮುಂದೆ ಬಿಚ್ಚಬೇಕಿತ್ತು ಎಂದು ಕೇಳುತ್ತಿದ್ದ.

ಆಗ ಕೆಳಗಿನಿಂದ ಬಂತು. ಒಂದು. ಎರಡು.

ಮೂರು.

ರುಮಾಲನ್ನು ಹಲ್ಲಿನಿಂದ ಎಳೆದು ಬಿಸಾಕಿ ಬರಿ ಎಡಗೈ ಒಳಗೆ ಹಾಕಿದೆ. ಧರ್ಮಶಾಸ್ತ್ರವನ್ನು ಆ ಗಳಿಗೆಯಲ್ಲಿ ನಾನು ಆಲೋಚಿಸಿದೆ ಎಂದು ಹೇಳಿಕೊಳ್ಳಲಾರೆ. ಬೆರಳು ಅದರ ಕೆಳಗೆ ಹೋಯಿತು. ಅದು ಬಿಸಿಲಿಗೆ ಕಾದು, ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು.

ಇಳಿದದ್ದನ್ನು ಇಳಿದದ್ದು ಎನ್ನಲಾಗದು. ಎಡಗೈ ಮುಚ್ಚಿತ್ತು, ಬಲಗೈ ಅದರ ಮೇಲೆ ಮುಚ್ಚಿತ್ತು, ಗೋಡೆ ಹಿಡಿಯಲು ಕೈಯೇ ಉಳಿದಿರಲಿಲ್ಲ. ಕಡಿದಾದ ಕಡೆ ಕುಳಿತು ಜಾರಿದೆ. ದಾರಿಯುದ್ದಕ್ಕೂ ಕಿವಿ ಕೆಳಗಿತ್ತು. ಅಳುವ ಸದ್ದು ಬರಲಿಲ್ಲ. ಅಳಲು ಅಲ್ಲಿ ಯಾರಿದ್ದಾರೆ ಎಂದುಕೊಂಡು ಇನ್ನಷ್ಟು ಹೆದರಿದೆ.

ಕೆಳಗಿನ ಮೆಟ್ಟಿಲುಗಳ ತಿರುವಿನಲ್ಲಿ ಅವರು ಎದುರಾದರು. ಅವ್ವಾರು ಎರಡೂ ಕೈ ಮೆಟ್ಟಿಲಿಗೂರಿ, ಅಂಬೆಗಾಲಿಕ್ಕುತ್ತ ಹತ್ತುತ್ತಿದ್ದರು. ಟಾಂಗಾದವನು ತಂಬಿಗೆ ಹಿಡಿದು, ಮುಟ್ಟಿ ತಡೆಯಲೂ ಆಗದೆ, ಹಿಂದೆ ಹಿಂದೆ ಬರುತ್ತಿದ್ದ.

"ಏನು ಮಾಡ್ಲಿ ಮುನ್ಶೀಜಿ! ನಾನೇ ಹೋಗ್ತೀನಿ ಅಂತ ಎದ್ದುಬಿಟ್ರು. ಅದಕ್ಕ ಬಡದೆ" ಎಂದ.

ನಾನು ಅವರ ಮುಂದೆ ಮೆಟ್ಟಿಲ ಮೇಲೆ ಕುಸಿದು ಕೈ ಬಿಚ್ಚಿದೆ.

ಅವ್ವಾರು ನೋಡಿದರು. ಲಿಂಗವನ್ನಲ್ಲ, ಅಂಗೈಯನ್ನು. ಗೋಡೆಗೆ ತಿಕ್ಕಿ ಅದರಲ್ಲಿ ರಕ್ತ ಬಂದಿತ್ತು.

"ಅರಿವಿಲೆ ಹಿಡದಿದ್ದ್ಯೋ, ಬರಿಗೈಲೆ ಮುಟ್ಟಿದ್ಯೋ?"

ಬಟ್ಟೆಯಲ್ಲಿ ಎನ್ನಬಹುದಿತ್ತು. ಸಾಕ್ಷಿಗೆ ಬೆಟ್ಟದ ಮೇಲೆ ಯಾರೂ ಇರಲಿಲ್ಲ. ತುಂಬಿದ ತಂಬಿಗೆ ಒಂದು ಸುಳ್ಳಿನಷ್ಟೇ ದೂರದಲ್ಲಿತ್ತು. ಆದರೆ ಹಸಿವು ನೀರಡಿಕೆಯಲ್ಲಿ ಕುಳಿತ ಅವರ ಮುಖ ನೋಡಿದರೆ, ಸುಳ್ಳಿನ ನೀರು ಅವರ ಗಂಟಲಲ್ಲಿ ಇಳಿಯುವುದು ಬೇಡ ಅನ್ನಿಸಿತು.

"ಬರಿಗೈಲೆ, ಅವ್ವಾರ."

"ಯಾವ ಕೈಲೆ?"

"ಎಡಗೈಲೆ. ಬಲಗೈ ಒಳಗ ಹೋಗಲಿಲ್ಲ."

ಮೇಲೆ ಬೆಳಕು ಹೋಗುತ್ತಿತ್ತು, ಬಾಗಿಲಲ್ಲಿ ಕಾವಲುಗಾರ ಬೀಗ ಬಡಿಯುತ್ತಿದ್ದ.

"ಅವತ್ತು ನಿಮ್ಮಪ್ಪ ಹೊಳ್ಯಾಗಿಂದ ಮ್ಯಾಲ ಬಂದಾಗ ನಾ ಅಲ್ಲೇ ನಿಂತಿದ್ದೆ" ಎಂದರು. "ಕೈ ಚಾಚಬೇಕಂತ ಭಾಳ ಅನ್ನಿಸ್ತು. ಸೊಸಿ ಆಗಿದ್ದೆ, ಚಾಚಲಿಲ್ಲ." ತಮ್ಮ ಎಡಗೈಯನ್ನು ನನ್ನ ಎಡಗೈಯ ಪಕ್ಕಕ್ಕೆ ತಂದು ಹಿಡಿದರು. "ಲಿಂಗ ಕೂಡೋ ಕೈ ಇದೇ ಅಲ್ಲೇನೋ? ಕೊಡು."

ಕೊಟ್ಟೆ. ಟಾಂಗಾದವನಿಂದ ತಂಬಿಗೆ ಇಸಿದುಕೊಂಡರು. ಲಿಂಗದ ಮೇಲೆ ನಾಲ್ಕು ಹನಿ ಹಾಕಿದರು, ಹಣೆಗೊತ್ತಿಕೊಂಡರು. ಆಮೇಲೆ ಕುಡಿದರು. ತಂಬಿಗೆ ಮೇಲೆದ್ದದ್ದು ಇಳಿಯಲೇ ಇಲ್ಲ. ಟಾಂಗಾದವನು ಮುಖ ಆಚೆ ತಿರುಗಿಸಿ ಕುದುರೆಯ ವಿಷಯ ಏನೋ ಹೇಳುತ್ತಿದ್ದ. ಕುದುರೆ ಅಲ್ಲಿಂದ ಕಾಣುತ್ತಲೇ ಇರಲಿಲ್ಲ.

ಹಳೆಯ ಬಟ್ಟೆ ಹರಿದಿತ್ತು. ಕಾವಲುಗಾರನ ಬೈಗುಳವನ್ನು ಬೆನ್ನಿಗೆ ಕಟ್ಟಿಕೊಂಡು ಟಾಂಗಾದವನು ಮೇಲಕ್ಕೆ ಓಡಿ ನನ್ನ ರುಮಾಲು ಹುಡುಕಿ ತಂದ. ಅವ್ವಾರು ಲಿಂಗವನ್ನು ಅದರಲ್ಲಿಟ್ಟು, ಗಂಟು ಹಾಕಲು ಹೋಗಿ, ಬಿಟ್ಟು, ನನ್ನ ಮುಂದೆ ಹಿಡಿದರು. ನನಗೆ ಬರುವುದು ಒಂದೇ ಗಂಟು. ಅದನ್ನೇ ಹಾಕಿದೆ.

ಶಹಾಬಾದ್ ಸ್ಟೇಷನ್ನಿಗೆ ಸಾಹುಕಾರರು ತಾವೇ ಬಂದಿದ್ದರು. ತಾಯಿಯನ್ನು ಮೇಲಿನಿಂದ ಕೆಳಗೆ ನೋಡಿದರು, ಲೋಡು ಇಳಿಸಿಕೊಳ್ಳುವಾಗ ನೋಡುವಂತೆಯೇ. ಅವ್ವಾರ ಕೊರಳಲ್ಲಿ ಮುನ್ಶಿಯ ಕೆಂಪು ರುಮಾಲು ತೂಗುತ್ತಿತ್ತು. ಸಾಹುಕಾರರ ಕಣ್ಣು ರುಮಾಲಿಗೆ ಬಂತು, ಅಲ್ಲಿಂದ ನನ್ನ ಬರಿ ತಲೆಗೆ, ಮತ್ತೆ ರುಮಾಲಿಗೆ.

"ಏನವ್ವಾ ಇದು? ಬಿಚ್ಚು, ಕರಡಿಗಿ ತಂದೀನಿ" ಎಂದರು.

"ಬಿಚ್ಚಾಂಗಿಲ್ಲಪ್ಪಾ ಅದು" ಎಂದರು ಅವ್ವಾರು, ಬಂಡಿಯ ಕಡೆ ನಡೆಯುತ್ತ. "ಖಣಿಯಾಗ ಹಾಸು ಎತ್ತೋ ಗಂಟು. ಮುನ್ಶಿ ಕಟ್ಯಾನ."